ಮಣ್ಣಿನ ಅಂಗಳ, ಬಾಡಿಗೆ ಮನೆ, ಹಳೇ ಕಾರು: ಮಳೆಗಾಲಕ್ಕೆ ಮುಂಚೆ ಮಾಡಿಕೊಳ್ಳಬೇಕಾದ ಕೆಲಸ

ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆಗೆ 'ಕಾರ್ ಪಾರ್ಕಿಂಗ್ ಇದೆ' ಅಂತ ಹೇಳಿದರೆ, ಬಹಳ ಕಡೆ ಅದರ ಅರ್ಥ ಮನೆ ಪಕ್ಕದಲ್ಲಿ ಒಂದಿಷ್ಟು ಮಣ್ಣಿನ ಅಂಗಳ ಇದೆ ಅಂತ. ಬಸವನಹಳ್ಳಿ, ವಿಜಯಪುರದ ಹಳೇ ಮನೆಯಾಗಲಿ, ಊರಾಚೆಯ ಹೊಸ ಲೇಔಟಾಗಲಿ, ಗೇಟಿನಿಂದ ಮೆಟ್ಟಿಲ ತನಕ ನಾಲ್ಕು ಕಲ್ಲು ಹಾಸಿರುತ್ತಾರೆ, ಉಳಿದದ್ದು ಕೆಮ್ಮಣ್ಣು. ಈಗಿನ ಕಾರುಗಳು ಇದನ್ನು ತಡೆದುಕೊಳ್ಳುತ್ತವೆ. ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸ್ಸಾ ಇಟ್ಟುಕೊಂಡವರ ಪಾಡು ಬೇರೆ. ಆ ಕಾಲದ ತಗಡಿಗೆ ತುಕ್ಕಿನಿಂದ ಇದ್ದ ರಕ್ಷಣೆ ಪೇಂಟು ಒಂದೇ, ಅದೂ ಸಿಲ್‌ನ (ಬಾಗಿಲುಗಳ ಕೆಳಗಿನ ಉದ್ದ ತಗಡಿನ ಪಟ್ಟಿ) ಒಳಮೈಗೆ, ಬಾಗಿಲ ಒಳಗಡೆಗೆ ಸರಿಯಾಗಿ ತಲುಪಿರುತ್ತಿರಲಿಲ್ಲ.

ಹಳೇ ಕಾರು ತಂದವರು ಮೊದಲು ಖರೀದಿ ಮಾಡುವುದು ಒಂದು ಕವರು. ಮೇಲಿಂದ ಬೀಳುವ ಮಳೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದಕ್ಕೆ ಎಲ್ಲರೂ ಏನಾದರೂ ಮಾಡುತ್ತಾರೆ. ಕಾರಿನ ತಳ ತಿನ್ನುವುದು ನೆಲದಿಂದ ಏಳುವ ತೇವ. ಗಾಳಿಯಲ್ಲಿ ತೇವಾಂಶ ಶೇ. 60 ದಾಟಿದರೆ ಬರೀ ಕಬ್ಬಿಣಕ್ಕೆ ತುಕ್ಕು ಬೇಗ ಬೇಗ ಹಿಡಿಯುತ್ತದೆ. ನಮ್ಮಲ್ಲಿ ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ, ಅದಕ್ಕಿಂತ ಕೆಳಗೆ ಇಳಿಯುವ ದಿನ ಅಪರೂಪ. ಅದರ ಮೇಲೆ ಕಾರಿನ ಹೊಟ್ಟೆಯ ಕೆಳಗೇ ಒದ್ದೆ ಮಣ್ಣಿದ್ದರೆ, ಹಗಲು ಅದು ಬಿಡುವ ಆವಿ ರಾತ್ರಿ ತಣ್ಣಗಾದ ತಗಡಿಗೆ ಹನಿಯಾಗಿ ಕೂರುತ್ತದೆ. ಜೂನ್‌ನಲ್ಲಿ ಮನೆಯ ನೆಲ ಬೆವರುತ್ತದಲ್ಲ, ಕಾರಿನ ಫ್ಲೋರಿನ ಅಡಿಯಲ್ಲೂ ಅದೇ ಆಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚು ಮಾತು ನೆಲದ ಬಗ್ಗೆ. ಇನ್ನೊಂದು ಕಟ್ಟುಪಾಡು ಬಾಡಿಗೆ ಮನೆಯದು: ಮಾಡಿದ ಯಾವ ಕೆಲಸವನ್ನೂ ಬಿಚ್ಚಿ ತೆಗೆದುಕೊಂಡು ಹೋಗುವಂತಿರಬೇಕು.

ಅಡ್ವಾನ್ಸ್ ಕೊಡುವ ಮುಂಚೆ ಅಂಗಳ ನೋಡಿ

ಮನೆ ನೋಡಲು ಹೋದಾಗ ಅಡುಗೆಮನೆ, ನೀರು ಎಲ್ಲ ನೋಡಿದ ಮೇಲೆ ಅಂಗಳಕ್ಕೂ ಒಂದು ಹದಿನೈದು ನಿಮಿಷ ಕೊಡಿ. ಮೊದಲು ಕೇಳಬೇಕಾದ ಪ್ರಶ್ನೆ: 'ಸರ್, ಪಿಟ್ ಎಲ್ಲಿದೆ, ಸಂಪು ಎಲ್ಲಿದೆ?' ಶೌಚದ ಗುಂಡಿ, ಇಂಗುಗುಂಡಿಗಳ ಮೇಲಿನ ಚಪ್ಪಡಿ ಮನುಷ್ಯರು ಓಡಾಡಲಿ ಅಂತ ಹಾಕಿದ್ದು. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಮಣ್ಣು ಮುಚ್ಚಿ ಗುರುತೇ ಸಿಗುವುದಿಲ್ಲ. ಪದ್ಮಿನಿ ತೂಕ ಸುಮಾರು 900 ಕಿಲೋ, ಒಂದೊಂದು ಚಕ್ರಕ್ಕೆ 225 ಕಿಲೋದ ಆಸುಪಾಸು. ಹಳೇ ಚಪ್ಪಡಿ ಮುರಿಯಲು ಅಷ್ಟು ಸಾಕು. ಗುಂಡಿಯ ಅಂಚಿನಿಂದಲೂ ನಾಲ್ಕೈದು ಅಡಿ ದೂರ ಇರಿ.

ಆಮೇಲೆ ತಲೆ ಎತ್ತಿ ನೋಡಿ. ತೆಂಗಿನ ಮರ ಇದ್ದರೆ ಆ ಜಾಗ ಬೇಡ, ಬೇರೆ ಮಾತೇ ಇಲ್ಲ. ಹಲಸು, ಮಾವಿನ ಕೆಳಗೆ ಹಣ್ಣಿಗಿಂತ ಅಂಟು, ಹಕ್ಕಿ ಹಿಕ್ಕೆ, ಎಲೆ ಕೊಳೆಯುವುದು ದೊಡ್ಡ ಕಾಟ. ಬಾನೆಟ್ಟಿನ ಹಿಂದೆ, ಗಾಜಿನ ಕೆಳಗಿನ ಜಾಲರಿಯಲ್ಲಿ ಎಲೆ ಕೂತರೆ ನೀರು ಹೋಗುವ ದಾರಿ ಕಟ್ಟಿಕೊಂಡು ಡ್ಯಾಶ್‌ಬೋರ್ಡ್ ಒಳಗೆ ಇಳಿಯುತ್ತದೆ.

ಬಚ್ಚಲ ಒಲೆ ಎಲ್ಲಿದೆ ಅಂತಲೂ ನೋಡಿ. ಹಳೇ ಮನೆಗಳಲ್ಲಿ ಹಂಡೆ ಒಲೆಗೆ ಸೌದೆ ತುಂಬುವ ಬಾಯಿ ಹೊರಗಡೆ, ಸರಿಯಾಗಿ ಕಾರು ನಿಲ್ಲಿಸುವ ಪಕ್ಕಕ್ಕೇ ಇರುತ್ತದೆ. ಕಾರ್ಬೊರೇಟರ್ ಗಾಡಿಯ ಸುತ್ತ ಸ್ವಲ್ಪವಾದರೂ ಪೆಟ್ರೋಲ್ ಆವಿ ಇದ್ದೇ ಇರುತ್ತದೆ, ಕಿಡಿ ಹಾರುವ ಜಾಗ ಅದರ ಹತ್ತಿರ ಇರಬಾರದು. ಬೂದಿ ಹಾರಿ ಬಂದು ಇಬ್ಬನಿಯಲ್ಲಿ ನೆನೆದರೆ ಪೇಂಟಿನ ಮೇಲೆ ಕಲೆ ಕೂರುತ್ತದೆ, ಅದು ಬೇರೆ.

ಕೊನೆಯದಾಗಿ ನೆಲದ ಪರೀಕ್ಷೆ. ದಪ್ಪ ಪ್ಲಾಸ್ಟಿಕ್ ಹಾಳೆ ಎರಡಡಿ ಚೌಕ ಕತ್ತರಿಸಿ, ಅಂಗಳದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಮಣ್ಣು ಮುಚ್ಚಿ ಒಂದು ರಾತ್ರಿ ಬಿಡಿ. ಮನೆಯವರನ್ನು ಕೇಳಿದರೆ ಬೇಡ ಅನ್ನುವುದಿಲ್ಲ. ಬೆಳಿಗ್ಗೆ ಹಾಳೆ ಎತ್ತಿದರೆ ಅದರ ಒಳಮೈಯಲ್ಲಿ ಬರೀ ಮಬ್ಬು ಹಿಡಿದಿದೆಯಾ, ಸಣ್ಣ ಹನಿ ಕೂತಿದೆಯಾ, ಇಲ್ಲಾ ಹನಿ ಕೂಡಿ ಹರಿಯುತ್ತಿದೆಯಾ ನೋಡಿ. ಏಪ್ರಿಲ್ ಬಿಸಿಲಲ್ಲೇ ಹನಿ ಹರಿದರೆ, ಆ ನೆಲದಲ್ಲಿ ಮಳೆಗಾಲಕ್ಕೆ ಜಲ ಏಳುತ್ತದೆ ಅಂತ ಲೆಕ್ಕ. ಗೋಡೆ ಬುಡದಲ್ಲಿ ಪಾಚಿ ಎಷ್ಟು ಎತ್ತರಕ್ಕೆ ಹತ್ತಿದ ಗುರುತಿದೆ, ಕಾಂಪೌಂಡ್ ಆಚೆಯ ಜಾಗ ನಿಮ್ಮದಕ್ಕಿಂತ ಎತ್ತರದಲ್ಲಿದೆಯಾ ಅನ್ನುವುದನ್ನೂ ಗಮನಿಸಿ. ಆಚೆ ಬದಿ ಎತ್ತರ ಇದ್ದರೆ ಅಲ್ಲಿಂದ ಒಸರುವ ನೀರು ನಿಮ್ಮ ಅಂಗಳಕ್ಕೇ ಬರುತ್ತದೆ.

ಓನರ್ ಜೊತೆ ಮಾತು, ಒಪ್ಪಂದದಲ್ಲಿ ಎರಡು ಸಾಲು

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಅನ್ನುವ ಕಾರಣಕ್ಕೆ. ಅದೇ ಕಾಗದದಲ್ಲಿ ಕಾರಿನ ಬಗ್ಗೆಯೂ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ 'ಅದಕ್ಕೇನು, ಹಾಕ್ಕೊಳ್ಳಿ' ಅಂದವರ ಮಗ ಊರಿಂದ ಬಂದಾಗ ಮಾತು ಬದಲಾಗುವುದುಂಟು.

ಮಾಲೀಕರಿಗೆ ಇರುವ ಭಯ ಮೂರು: ಅಂಗಳ ಹಾಳಾಗುತ್ತದೆ, ಆಯಿಲ್ ಸೋರುತ್ತದೆ, ಇವರು ಹೋದ ಮೇಲೆ ತುಕ್ಕು ಹಿಡಿದ ಗಾಡಿ ಇಲ್ಲೇ ಉಳಿಯುತ್ತದೆ. ಅವರು ಕೇಳುವ ಮುಂಚೆ ನೀವೇ ಹೇಳಿಬಿಡಿ: 'ಸರ್, ಸಿಮೆಂಟು ಹಾಕಲ್ಲ. ಜಲ್ಲಿ ಹರಡಿ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಇಡ್ತೀನಿ. ಹೋಗುವಾಗ ಇಂಟರ್‌ಲಾಕ್ ನಾನು ತಗೊಂಡು ಹೋಗ್ತೀನಿ, ಜಲ್ಲಿ ನಿಮಗೆ ಬೇಕಾದ್ರೆ ಇರಲಿ, ಬೇಡ ಅಂದ್ರೆ ತೆಗೆಸಿ ಮಣ್ಣು ಮಟ್ಟ ಮಾಡಿಸಿಕೊಡ್ತೀನಿ.' ಹೀಗೆ ಕೇಳಿದರೆ ಬಹುತೇಕರು ಒಪ್ಪುತ್ತಾರೆ, ಕೆಲವರು ಜಲ್ಲಿ ಖರ್ಚಿನಲ್ಲಿ ಪಾಲೂ ಕೊಡುತ್ತಾರೆ, ಅಂಗಳ ಅವರದೇ ತಾನೆ.

ಕಾಗದದಲ್ಲಿ ಇಷ್ಟು ಬಂದರೆ ಸಾಕು: 'ಬಾಡಿಗೆದಾರರು ಮನೆಯ ಪಕ್ಕದ ಖಾಲಿ ಜಾಗದಲ್ಲಿ ತಮ್ಮ ಕಾರನ್ನು ನಿಲ್ಲಿಸಲು, ಅದಕ್ಕಾಗಿ ಜಲ್ಲಿ ಮತ್ತು ಬಿಚ್ಚಬಹುದಾದ ಶೀಟಿನ ಮಾಡನ್ನು (ಚಾವಣಿಯನ್ನು) ಸ್ವಂತ ಖರ್ಚಿನಲ್ಲಿ ಹಾಕಿಕೊಳ್ಳಲು ಮಾಲೀಕರ ಒಪ್ಪಿಗೆ ಇರುತ್ತದೆ. ಮನೆ ಬಿಡುವಾಗ ಸದರಿ ಸಾಮಾನುಗಳು ಬಾಡಿಗೆದಾರರಿಗೆ ಸೇರಿದ್ದು. ಜಾಗವನ್ನು ಮೊದಲಿನ ಸ್ಥಿತಿಗೆ ತಂದುಕೊಡತಕ್ಕದ್ದು.' ಅಂಗಳದ ಈಗಿನ ಸ್ಥಿತಿಯ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಡಿ.

ನೆಲ ಮಾಡುವ ಕೆಲಸ

ಇದು ಭರಣಿ, ಕೃತ್ತಿಕಾ ಮಳೆಯ ನಡುವೆ, ಅಂದರೆ ಮೇ ತಿಂಗಳ ಮಧ್ಯದೊಳಗೆ ಮುಗಿಯಬೇಕು. ಮೃಗಶಿರ ಹಿಡಿದ ಮೇಲೆ ಮಣ್ಣು ದಮ್ಮಸು ಮಾಡಲು ಆಗುವುದಿಲ್ಲ, ಎಷ್ಟು ಬಡಿದರೂ ಕೆಸರೇ.

ಅಳತೆ ಮೊದಲು. ಪದ್ಮಿನಿ ಹೆಚ್ಚುಕಡಿಮೆ 13 ಅಡಿ ಉದ್ದ, ಅಂಬಾಸಿಡರ್ 14 ಅಡಿ ದಾಟುತ್ತದೆ. ಕಾರಿನ ಸುತ್ತ ಓಡಾಡಲು, ಬಾಗಿಲು ತೆಗೆಯಲು ಜಾಗ ಸೇರಿ 16 ಅಡಿ ಉದ್ದ, 8 ಅಡಿ ಅಗಲದ ಹಾಸು ಮಾಡಿ. ಜಾಗ ಇದ್ದರೆ ಅಗಲ ಇನ್ನೂ ಒಂದಡಿ ಹೆಚ್ಚಿರಲಿ.

ಹುಲ್ಲು ಬೇರು ಸಮೇತ ಮೇಲಿನ ಮೂರು ನಾಲ್ಕು ಇಂಚು ಮಣ್ಣು ಹೆರೆದು ತೆಗೆಯಿರಿ. ಕೊಳೆತ ಎಲೆ, ಬೇರು ಇರುವ ಈ ಮೇಲ್ಮಣ್ಣೇ ನೀರು ಹಿಡಿದಿಟ್ಟುಕೊಳ್ಳುವುದು. ಅದನ್ನು ಎಸೆಯಬೇಡಿ, ಕಾಂಪೌಂಡ್ ಪಕ್ಕ ಗುಡ್ಡೆ ಹಾಕಿಡಿ, ಮನೆ ಬಿಡುವ ದಿನ ಬೇಕಾಗುತ್ತದೆ.

ಇಳಿಜಾರು ಕೊಡಿ. 16 ಅಡಿಗೆ 4 ಇಂಚು ಇಳಿತ ಇದ್ದರೆ ನೀರು ನಿಲ್ಲುವುದಿಲ್ಲ, ಕಾರೂ ಜಾರುವುದಿಲ್ಲ. ರಸಮಟ್ಟ ಇಲ್ಲದಿದ್ದರೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿಯ ಮಟ್ಟ ನೋಡಿ, ಗಾರೆಯವರು ಮಾಡುವುದೂ ಹಾಗೆಯೇ. ಇಳಿಜಾರು ಯಾವ ಕಡೆಗೆ ಅನ್ನುವುದು ಮುಖ್ಯ. ಮನೆಯ ಪಾಯದ ಕಡೆಗೆ ಖಂಡಿತ ಬೇಡ. ಗೇಟಿನ ಕಡೆ ಇಳಿದರೆ ಒಳ್ಳೆಯದು, ಬ್ಯಾಟರಿ ಕೈಕೊಟ್ಟ ದಿನ ತಳ್ಳಲೂ ಸುಲಭ.

ಎತ್ತರದ ಬದಿಗೆ, ಹಾಸಿನ ಹೊರಗೆ, ಒಂದಡಿ ಆಳದ ಬಸಿಗಾಲುವೆ ತೋಡಿ ಅರ್ಧಕ್ಕೆ ದಪ್ಪ ಜಲ್ಲಿ ತುಂಬಿ. ತೋಟದ ಕೆಲಸ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನಿಂದ ಒಸರಿ ಬರುವ ನೀರು ಕಾರಿನ ಅಡಿಗೆ ಬರುವ ಮುಂಚೆ ಇಲ್ಲೇ ತಿರುಗಿ ಚರಂಡಿಗೆ ಹೋಗಬೇಕು. ಅಂಗಳ ಜೌಗಿನದಾದರೆ ಉಳಿದ ಎಲ್ಲ ಕೆಲಸಕ್ಕಿಂತ ಈ ಕಾಲುವೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ. ಅದರ ಮೇಲೆ ಅಕ್ಕಿ ಚೀಲ ಅಥವಾ ಸಿಮೆಂಟ್ ಚೀಲಗಳನ್ನು ಬಿಡಿಸಿ, ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಡಿ ಬರುವಂತೆ ಹಾಸಿ. ಚೀಲದ ಪದರ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಜಲ್ಲಿ ಕೆಸರಿನೊಳಗೆ ಇಳಿದು, ಕೆಸರು ಮೇಲೆ ಬರುತ್ತದೆ. ಗೊಬ್ಬರದ ಚೀಲ ಬಳಸುವುದಾದರೆ ಚೆನ್ನಾಗಿ ತೊಳೆದಿರಬೇಕು. ಪೊಟ್ಯಾಷ್ ಗೊಬ್ಬರ ಅಂದರೆ ಒಂದು ಬಗೆಯ ಉಪ್ಪೇ, ಅದರ ಪುಡಿ ಕಾರಿನ ಹತ್ತಿರ ಸುಳಿಯಬಾರದು.

ಚೀಲದ ಮೇಲೆ 40 ಎಂಎಂ ಜಲ್ಲಿ ನಾಲ್ಕು ಇಂಚು, ಅದರ ಮೇಲೆ ಕ್ರಷರ್ ಪುಡಿ ಎರಡು ಇಂಚು. ಎರಡೂ ಸೇರಿ 16 ಅಡಿ, 8 ಅಡಿ ಹಾಸಿಗೆ ಸುಮಾರು 64 ಘನ ಅಡಿ ಬೇಕಾಗುತ್ತದೆ. ಪ್ರತಿ ಪದರವನ್ನೂ ಬೇರೆ ಬೇರೆಯಾಗಿ ಬಡಿಯಿರಿ. ನುಣುಪು ಉಂಡೆಕಲ್ಲು ಬೇಡ, ಚಕ್ರದ ಕೆಳಗೆ ಸರಿಯುತ್ತದೆ. ಒಡೆದ ಜಲ್ಲಿಯ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಇಲ್ಲಿಗೆ ನಿಲ್ಲಿಸಿದರೆ ಕಾರು ಹೂತುಕೊಳ್ಳುವುದು ತಪ್ಪುತ್ತದೆ, ಆದರೆ ತೇವ ಏಳುವುದು ತಪ್ಪುವುದಿಲ್ಲ. ಜಲ್ಲಿಯ ಸಂದಿಯಲ್ಲಿ ಆವಿ ಸಲೀಸಾಗಿ ಮೇಲೆ ಬರುತ್ತದೆ. ಅದಕ್ಕೇ ಕ್ರಷರ್ ಪುಡಿಯ ಮೇಲೆ ಇಡೀ ಹಾಸಿಗೆ ಒಂದೇ ತುಂಡಿನ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಬೇಕು. ಕೃಷಿಹೊಂಡಕ್ಕೆ ಹಾಕುವಂಥ ಕಪ್ಪು ಹಾಳೆ ಸಿಕ್ಕರೆ ಅದೇ ಒಳ್ಳೆಯದು. ಕಾಫಿ ಒಣಗಿಸುವ ಟಾರ್ಪಾಲಿನ್ ಆದರೂ ಆಗುತ್ತದೆ, ತೂತು ಇರಬಾರದು ಅಷ್ಟೆ. ಹಾಳೆಯೂ ಅದೇ ಇಳಿಜಾರಿನಲ್ಲಿ ಇರಬೇಕು, ಎಲ್ಲೂ ತಗ್ಗು ಬಿದ್ದು ನೀರು ನಿಲ್ಲಬಾರದು. ಅದರ ಮೇಲೆ ಒಂದು ಇಂಚು ಕ್ರಷರ್ ಪುಡಿ ತೆಳುವಾಗಿ ಹರಡಿ.

ಕೊನೆಗೆ ಚಕ್ರದ ದಾರಿ. ಟೇಪು ಹಿಡಿದು ನಿಮ್ಮ ಕಾರಿನ ಎಡ ಬಲ ಚಕ್ರಗಳ ನಡುವಿನ ಅಳತೆ ತಗೊಳ್ಳಿ. ಎರಡಡಿ ಅಗಲ, 13 ಅಡಿ ಉದ್ದದ ಎರಡು ಪಟ್ಟಿಗೆ ಎಂಟಿಂಚು ನಾಲ್ಕಿಂಚಿನ ಇಂಟರ್‌ಲಾಕ್ ಸುಮಾರು 240 ಬೇಕು. 60 ಎಂಎಂ ದಪ್ಪ ಸಾಕು. ರಸ್ತೆ ಬದಿ, ಹಳೇ ಮನೆ ಕೆಡವಿದ ಕಡೆ ಸೆಕೆಂಡ್‌ಹ್ಯಾಂಡ್ ಸಿಗುತ್ತವೆ, ಅದರಲ್ಲಿ ಕೊರತೆ ಏನಿಲ್ಲ. ಪಟ್ಟಿಯ ಎರಡೂ ಅಂಚಿಗೆ ಸೈಜುಗಲ್ಲು ಒತ್ತಿಟ್ಟರೆ ಅಲುಗುವುದಿಲ್ಲ. ಕಡಪಾ ಕಲ್ಲು ಹಾಕುವ ಆಸೆ ಬೇಡ, ಅಡಿಯಲ್ಲಿ ಒಂದು ಕಡೆ ಟೊಳ್ಳಿದ್ದರೂ ಚಕ್ರ ಹತ್ತಿದ ಕೂಡಲೇ ಬಿರುಕು. ಸಿಲ್ವರ್ ಓಕ್ ಹಲಗೆ ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ನೆಲಕ್ಕೆ ತಾಗಿದ ಮರಕ್ಕೆ ಗೆದ್ದಲು ಬರಲು ಒಂದು ವರ್ಷ ಬೇಡ, ಗೆದ್ದಲಿನ ಮಣ್ಣು ಹಸಿಯಾಗಿ ಟೈರಿನ ತನಕ ಏರುತ್ತದೆ.

ಎಂಜಿನ್ ಕೆಳಗೆ ಒಂದು ಹಳೇ ತಗಡಿನ ತಟ್ಟೆಯಲ್ಲಿ ಮರದ ಹೊಟ್ಟು ಹಾಕಿಡಿ. ಹಳೇ ಎಂಜಿನ್ನು ಸೋರದೆ ಇರುವುದಿಲ್ಲ. ಆಯಿಲ್ ನೆಲಕ್ಕಿಳಿದರೆ ಓನರ್‌ಗೂ ಬೇಜಾರು, ಹತ್ತಿರದ ಬಾವಿಗೂ ಕೇಡು.

ಮಾಡು

ಟಾರ್ಪಾಲನ್ನು ನೇರವಾಗಿ ಕಾರಿನ ಮೇಲೆ ಹೊದಿಸಬಾರದು. ಒಳಗಿನ ಆವಿ ಹೊರಗೆ ಹೋಗದೆ ಅಲ್ಲೇ ಕೊಳೆಯುತ್ತದೆ, ಗಾಳಿಗೆ ಬಡಿದು ಬಡಿದು ಪೇಂಟು ಸವೆಯುತ್ತದೆ. ಮಾಡು ಕಾರಿಗೆ ತಾಗದಷ್ಟು ಎತ್ತರದಲ್ಲಿರಲಿ, ಒಬ್ಬ ಆಳು ನಿಂತು ಬಾನೆಟ್ ತೆಗೆಯುವಷ್ಟು.

ಜಿಐ ಪೈಪನ್ನು ವೆಲ್ಡ್ ಮಾಡದೆ ಬೋಲ್ಟಿನಿಂದ ಜೋಡಿಸಿದ ಚೌಕಟ್ಟು, ಮೇಲೆ ಜಿಂಕ್ ಶೀಟು. ಕಂಬ ಆರು. ಪ್ರತಿ ಕಂಬದ ಬುಡವನ್ನು 20 ಲೀಟರಿನ ಹಳೇ ಪೇಂಟ್ ಬಕೆಟ್ಟಿನಲ್ಲಿ ನಿಲ್ಲಿಸಿ ಕಾಂಕ್ರೀಟ್ ತುಂಬಿ, ಆ ಬಕೆಟ್ಟನ್ನು ಒಂದೂವರೆ ಅಡಿ ಹೂಳಿ. ಒಂದೊಂದೂ ಐವತ್ತು ಕಿಲೋ ಹತ್ತಿರ ತೂಗುತ್ತದೆ, ಹೋಗುವಾಗ ಅಗೆದು ಎತ್ತಬಹುದು. ಬಕೆಟ್ಟನ್ನು ಹೂಳದೆ ನೆಲದ ಮೇಲೆ ಇಟ್ಟರೆ ಜುಲೈ ಗಾಳಿಗೆ ಶೀಟು ಸಮೇತ ಪಕ್ಕದ ಮನೆ ಸೇರುತ್ತದೆ.

ನಮ್ಮ ಕಡೆ ಮುಂಗಾರು ಬರುವುದು ಪಡುವಣದಿಂದ, ನೈಋತ್ಯದಿಂದ. ಆ ಬದಿಯ ಮಾಡು ಎರಡಡಿ ಹೊರಚಾಚಿರಲಿ, ಎರಚಲು ತಡೆಯಲು ಅಡಿಕೆ ಸೋಗೆಯ ತಟ್ಟಿಯನ್ನೋ ಎರಡು ಪದರ ಶೇಡ್ ನೆಟ್ಟನ್ನೋ ಕಟ್ಟಿ. ಮೂಡಣ ಬದಿ ಪೂರ್ತಿ ತೆರೆದಿರಲಿ. ನಾಲ್ಕೂ ಕಡೆ ಮುಚ್ಚಿದ ಶೆಡ್ಡಿಗಿಂತ ಗಾಳಿ ಆಡುವ ಅರೆಬರೆ ಮಾಡು ಕಾರಿಗೆ ಎಷ್ಟೋ ಮೇಲು. ಜಿಂಕ್ ಶೀಟಿನ ಅಡಿಯಲ್ಲಿ ಬೆಳಗಿನ ಜಾವ ಇಬ್ಬನಿ ಕೂತು ಕಾರಿನ ಮೇಲೇ ತೊಟ್ಟಿಕ್ಕುತ್ತದೆ. ಶೀಟಿನಿಂದ ನಾಲ್ಕು ಬೆರಳು ಕೆಳಗೆ ಒಂದು ಹಳೇ ಫ್ಲೆಕ್ಸನ್ನು ಇಳಿಜಾರಾಗಿ ಕಟ್ಟಿದರೆ ಹನಿ ಅದರ ಮೇಲೆ ಬಿದ್ದು ಹೊರಗೆ ಹರಿಯುತ್ತದೆ. ಮಾಡಿನ ಕೆಳಗೆ ನಿಂತ ಕಾರಿಗೆ ಧೂಳು ತಡೆಯಲು ಹತ್ತಿಯ ಹಳೇ ಬೆಡ್‌ಶೀಟು ಸಾಕು.

ಕಾರನ್ನು ಅಣಿ ಮಾಡುವುದು

ಚಕ್ರದ ಕಮಾನಿನ ಒಳಗೆ, ಸಿಲ್‌ನ ಅಂಚಿನಲ್ಲಿ ಕೂತ ಕೆಸರಿನ ಮುದ್ದೆಯನ್ನು ಕೈಯಿಂದ ಕೆದಕಿ ತೆಗೆಯಿರಿ. ಮೇಲೆ ಒಣಗಿದಂತೆ ಕಂಡರೂ ಬೆರಳು ಹಾಕಿದರೆ ಒಳಗೆ ತಣ್ಣಗೆ ಇರುತ್ತದೆ. ಆಮೇಲೆ ಪ್ರೆಶರ್ ವಾಶ್ ಮಾಡಿಸಿ ಎರಡು ದಿನ ಬಿಸಿಲಿಗೆ ಬಿಡಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ತೆಳು ತಂತಿ ಆಡಿಸಿ ಒಂದೊಂದನ್ನೂ ಬಿಡಿಸಿ. ಬಾಗಿಲ ಬುಡ ತೂತಾಗಿ ಟಿಂಕರಿಂಗ್‌ಗೆ ಹೋಗುವ ಕಾರುಗಳಲ್ಲಿ ಬಹುಪಾಲಿಗೆ ಈ ತೂತು ಕಟ್ಟಿದ್ದೇ ಕಾರಣ.

ತಳಕ್ಕೆ ಏನು ಹಚ್ಚುವುದು? ಸುಟ್ಟ ಎಂಜಿನ್ ಆಯಿಲ್ ಬಳಿಯುವುದು ನಮ್ಮ ಕಡೆ ಹಳೇ ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ಸುಟ್ಟ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ, ರಬ್ಬರ್ ಬುಷ್ಷು ಮೆತ್ತಗಾಗುತ್ತವೆ, ತೊಟ್ಟಿಕ್ಕಿ ಅಂಗಳ ಕೆಡುತ್ತದೆ. ಮೇಣದ ಜಾತಿಯ ಆಂಟಿ ರಸ್ಟ್ ಸ್ಪ್ರೇ ಹೊಡೆಸಿ, ಸಿಲ್‌ನ ಒಳಕ್ಕೂ ನಳಿಕೆ ತೂರಿಸಿ ಹೊಡೆಯಲು ಹೇಳಿ. ಈಗಾಗಲೇ ತುಕ್ಕಿದ್ದ ಜಾಗದ ಮೇಲೆ ಕಪ್ಪು ರಬ್ಬರ್ ಕೋಟಿಂಗ್ ಬಳಿಸಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಹೊರಗೆ ಚೆಂದ ಕಾಣುತ್ತಲೇ ಒಳಗೆ ಫ್ಲೋರ್ ಹೋಗಿರುತ್ತದೆ. ಮೊದಲು ತುಕ್ಕು ಕೆರೆದು ಪ್ರೈಮರ್, ಆಮೇಲೆ ಬೇಕಾದ್ದು.

ಒಳಗಡೆ ರಬ್ಬರ್ ಮ್ಯಾಟು, ಕಾರ್ಪೆಟ್ಟು ಎಲ್ಲ ತೆಗೆದು ಮನೆಯೊಳಗೆ ಇಡಿ. ಜುಲೈಯಲ್ಲಿ ಮ್ಯಾಟ್ ಎತ್ತಿ ನೋಡಿದವರಿಗೆ ಯಾಕೆ ಅಂತ ಗೊತ್ತಿರುತ್ತದೆ: ಅಡಿಯಲ್ಲಿ ಬಿಳಿ ಬೂಷ್ಟು, ಅದರ ಕೆಳಗೆ ಕಿತ್ತಳೆ ಬಣ್ಣದ ಪುಡಿ. ಗಾಜು ಅರ್ಧ ಇಂಚು ಇಳಿಸಿಡಿ, ಸಂದಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿ. ಸುಟ್ಟ ಸುಣ್ಣದ ಕಲ್ಲು ತೇವ ಎಳೆಯುತ್ತದೆ ಅಂತ ಕಾರಿನಲ್ಲಿ ಇಡುವವರಿದ್ದಾರೆ, ಬೇಡ. ನೀರು ತಾಗಿದರೆ ಕುದಿಯುವಷ್ಟು ಬಿಸಿಯಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತಿಂಗಳಿಗೊಮ್ಮೆ ಬಿಸಿ ಬಾಣಲೆಯಲ್ಲಿ ಒಣಗಿಸಿ ಮತ್ತೆ ಇಡಿ.

ಪೆಟ್ರೋಲ್ ವಿಷಯ ಈಗ ಮೊದಲಿನ ಹಾಗಿಲ್ಲ. ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ಕಾಲದ ರಬ್ಬರ್ ಪೈಪು, ಕಾರಿನ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನು (ಒಳಗಿನ ತೆಳು ಪೊರೆ) ತಿನ್ನುತ್ತದೆ. ಪೈಪು, ಡಯಾಫ್ರಮ್ ಎರಡನ್ನೂ ಈಗಿನ ಪೆಟ್ರೋಲಿಗೆ ಹೊಂದುವ ಸಾಮಾನಿನಲ್ಲಿ ಬದಲಾಯಿಸಿ. ಮಳೆಗಾಲದಲ್ಲೂ ಆಗಾಗ ಓಡಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೆ ಹನಿ ಕೂರುವುದು ಕಡಿಮೆ. ಆರು ತಿಂಗಳು ಮುಟ್ಟುವುದೇ ಇಲ್ಲ ಅನ್ನುವುದಾದರೆ ಟ್ಯಾಂಕ್ ಬಸಿದು, ಪಂಪಿಗೆ ಬರುವ ಪೈಪು ಬಿಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಕಾರ್ಬೊರೇಟರ್ ಬರಿದು ಮಾಡಿ.

ಎಂಜಿನ್ ಆಯಿಲ್ ಹೊಸದು ಹಾಕಿಸಿ, ರೇಡಿಯೇಟರಿಗೆ ಬರೀ ನೀರಿನ ಬದಲು ಕೂಲಂಟ್ ಇರಲಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್ ತೋರಿಸುತ್ತದೆ, 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ. ಟೈರಿಗೆ ಮಾಮೂಲಿಗಿಂತ ಎಂಟು ಹತ್ತು ಪೌಂಡ್ ಹೆಚ್ಚು ಗಾಳಿ, ಟೈರಿನ ಮೇಲೆ ಬರೆದ ಮಿತಿ ಮೀರದಂತೆ. ಹ್ಯಾಂಡ್‌ಬ್ರೇಕ್ ಹಾಕಿ ಬಿಡಬೇಡಿ, ಥಂಡಿಗೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಮೊದಲ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ.

ಜಾಕಿ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಬೇಕಾ ಅಂತ ಕೇಳುವವರಿದ್ದಾರೆ. ಮೂರು ನಾಲ್ಕು ತಿಂಗಳಿಗೆ ಬೇಡ. ವರ್ಷಗಟ್ಟಲೆ ನಿಲ್ಲಿಸುವುದಾದರೆ ಮಾತ್ರ, ಅದೂ ಪ್ರತಿ ಸ್ಟ್ಯಾಂಡಿನ ಅಡಿ ಎರಡಡಿ ಚೌಕದ ದಪ್ಪ ಗ್ರಾನೈಟ್ ತುಂಡು ಇಟ್ಟು. ಜಲ್ಲಿಯ ಮೇಲೆ ನೇರವಾಗಿ ಇಟ್ಟ ಸ್ಟ್ಯಾಂಡು ಒಂದು ಕಾಲು ಇಳಿಸಿದರೂ ಕಾರು ಉರುಳುತ್ತದೆ.

ಇಲಿ, ಹೆಗ್ಗಣ

ಹಳೇ ಕಾರುಗಳ ಸೀಟಿನೊಳಗೆ ತೆಂಗಿನ ನಾರಿನ ಹಾಸು ಇರುತ್ತದೆ, ಇಲಿಗೆ ಅದಕ್ಕಿಂತ ಒಳ್ಳೆ ಹಾಸಿಗೆ ಬೇಕಾ? ಸೈಲೆನ್ಸರ್ ಬಾಯಿಗೆ, ಏರ್ ಕ್ಲೀನರ್ ಮೂತಿಗೆ ಕಾಲು ಇಂಚಿಗಿಂತ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿ. ಬಲೆ ಕಟ್ಟಿದ್ದು ಮರೆಯದಂತೆ ಸ್ಟೀರಿಂಗಿಗೆ ಒಂದು ಚೀಟಿ ತೂಗುಹಾಕಿ. ಪೆಡಲ್ ಸುತ್ತ, ಗೇರ್ ರಾಡ್ ಹೋಗುವ ಕಡೆ ರಬ್ಬರ್ ಬೂಟ್ ಹರಿದಿದ್ದರೆ ಬದಲಾಯಿಸಿ, ಬಹುತೇಕ ಇಲಿಗಳು ಒಳಗೆ ಬರುವುದು ಅಲ್ಲಿಂದಲೇ. ಹೊಗೆಸೊಪ್ಪು ಇಡುವುದು ಕೆಲವರ ರೂಢಿ, ವಾಸನೆ ಇರುವ ತನಕ ಸ್ವಲ್ಪ ಕೆಲಸ ಮಾಡುತ್ತದೆ, ಥಂಡಿ ಹಿಡಿದ ಮೇಲೆ ಇಲ್ಲ. ನನಗೆ ನಂಬಿಕೆ ಇರುವುದು ಬಲೆ ಮತ್ತು ಇಲಿಬೋನಿನ ಮೇಲೆ. ಪಾಷಾಣ ಇಡಲೇಬೇಡಿ. ತಿಂದ ಇಲಿ ಡ್ಯಾಶ್‌ಬೋರ್ಡಿನ ಹಿಂದೆ ಸತ್ತರೆ ಇಡೀ ಡ್ಯಾಶ್ ಬಿಚ್ಚಬೇಕು, ಬೀದಿ ನಾಯಿ ಬೆಕ್ಕಿಗೂ ಅಪಾಯ.

ಮಳೆಗಾಲದ ನಡುವೆ

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಕಾರಿಗೆ ಒಳ್ಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಅದು ಸೈಲೆನ್ಸರ್‌ನಲ್ಲಿ, ಆಯಿಲ್‌ನಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಒಂದೋ ಚೆನ್ನಾಗಿ ಓಡಿಸಿ, ಇಲ್ಲಾ ಮುಟ್ಟಬೇಡಿ. ಮಳೆ ಹೊಳವಾಗಿ ರಸ್ತೆ ಒಣಗಿದ ದಿನ ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣದ ಕಡೆ ಹೋಗಿ ಬನ್ನಿ. ಮೂಡಣಕ್ಕೆ ಹೋದಷ್ಟೂ ಮಳೆ ಕಡಿಮೆ, ರಸ್ತೆ ಸಮ, ಎಂಜಿನ್, ಬ್ರೇಕ್, ಗೇರ್‌ಬಾಕ್ಸ್ ಎಲ್ಲ ಬಿಸಿಯಾಗುತ್ತವೆ. ಮೂಡಿಗೆರೆ ಕಡೆ ಹೋದರೆ ತಳಕ್ಕೆ ಮತ್ತೆ ಕೆಸರು ಹೊತ್ತು ತರುತ್ತೀರಿ.

ಓಡಿಸಲು ಆಗದ ವಾರಗಳಲ್ಲಿ ಕ್ಲಚ್ ಪೆಡಲ್ಲನ್ನು ಹತ್ತಿಪ್ಪತ್ತು ಸಲ ಒತ್ತಿ, ಪ್ಲೇಟು ಅಂಟಿಕೊಳ್ಳದಿರಲಿ. ಬ್ರೇಕನ್ನೂ ಹಾಗೇ. ಬಿಸಿಲು ಕಂಡ ಹೊತ್ತಿನಲ್ಲಿ ಬಾಗಿಲು, ಬಾನೆಟ್, ಡಿಕ್ಕಿ ತೆರೆದಿಟ್ಟು, ಒಂದು ಟೇಬಲ್ ಫ್ಯಾನನ್ನು ಕಾರಿನ ತಳಕ್ಕೆ ಗಾಳಿ ಹೋಗುವಂತೆ ಇಡಿ. 50 ವ್ಯಾಟಿನ ಫ್ಯಾನು ನಾಲ್ಕು ಗಂಟೆ ಓಡಿದರೆ 0.2 ಯೂನಿಟ್, ಕರೆಂಟ್ ಬಿಲ್ಲಿನಲ್ಲಿ ಗೊತ್ತೂ ಆಗುವುದಿಲ್ಲ. ಜಡಿಮಳೆ ಹಿಡಿದಾಗ ಫ್ಯಾನ್ ಹಾಕಿ ಪ್ರಯೋಜನ ಇಲ್ಲ, ಒದ್ದೆ ಗಾಳಿಯನ್ನೇ ಸುತ್ತಿಸಿದಂತೆ.

ಕಾಗದಪತ್ರ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಶೆಡ್ಡಿನಲ್ಲೇ ಇದೆಯಲ್ಲ ಅಂತ ಬಿಟ್ಟರೆ ಬಾಕಿ ಬೆಳೆಯುತ್ತದೆ. 50 ವರ್ಷ ದಾಟಿದ, ಮೂಲರೂಪ ಕೆಡದ ಕಾರಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು, ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಹತ್ತು ವರ್ಷ ಚಾಲ್ತಿ. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಸಖರಾಯಪಟ್ಟಣಕ್ಕೆ ಹೋಗಿ ಬರುವ ಆಸೆ ಇರುವವರು ಯೋಚಿಸಿ ಹೆಜ್ಜೆ ಇಡಿ. ಥರ್ಡ್ ಪಾರ್ಟಿ ವಿಮೆ ಗೇಟಿನಾಚೆ ಇಳಿಸಿದ ಕ್ಷಣದಿಂದಲೇ ಬೇಕು. ಬೆಂಕಿ, ಕಳವು, ಮರ ಬೀಳುವುದಕ್ಕೆ ಪರಿಹಾರ ಇರುವ ಪಾಲಿಸಿ ಇದ್ದರೆ ನಿಂತ ಕಾರಿಗೂ ನೆಮ್ಮದಿ.

ಅಂಗಳ ಒಪ್ಪದಿದ್ದರೆ

ಕೆಲವು ಅಂಗಳಗಳಲ್ಲಿ ಏನು ಮಾಡಿದರೂ ಜಲ ನಿಲ್ಲುವುದಿಲ್ಲ. ಅಂಥ ಕಡೆ ಹಟ ಮಾಡದೆ ಮಳೆಗಾಲದ ಮೂರು ತಿಂಗಳಿಗೆ ಕಾರನ್ನು ಬೇರೆ ಕಡೆ ಇಡಿ. ಕಡೂರು, ಬೀರೂರು, ಅರಸೀಕೆರೆಯಲ್ಲಿ ನೆಂಟರ ಮನೆ ಇದ್ದರೆ ಅದೇ ಭಾಗ್ಯ. ಕಾಫಿ ತೋಟದ ಪರಿಚಯಸ್ಥರಿದ್ದರೆ, ಫಸಲು ಸಾಗಿಸಿ ಖಾಲಿಯಾದ ಗೋಡೌನ್ ಕೇಳಿ. ಕಾಫಿಗೂ ತೇವ ಆಗದ ಕಾರಣ ಅದರ ನೆಲ ಎತ್ತರಿಸಿ ಕಟ್ಟಿರುತ್ತಾರೆ. ಅದೇ ಗೋಡೌನಿನಲ್ಲಿ ಗೊಬ್ಬರ ದಾಸ್ತಾನು ಇದ್ದರೆ ಬೇಡ. ಕೊಟ್ಟಿಗೆಯ ಪಕ್ಕವೂ ಬೇಡ, ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆ, ಹಳೇ ಕಾರಿನ ರೇಡಿಯೇಟರ್ ಮಾಡಿರುವುದು ಅವೆರಡರಿಂದಲೇ.

ಸ್ವಾತಿ ಮಳೆ ಮುಗಿದು, ನವೆಂಬರ್ ಬಿಸಿಲು ಗಟ್ಟಿಯಾದ ಮೇಲೆ ಹೊರಗೆ ತೆಗೆಯುವಾಗ ಅವಸರ ಮಾಡಬೇಡಿ. ಚೀಟಿ ನೋಡಿ ಬಲೆಗಳನ್ನು ಬಿಚ್ಚಿ. ಬಾನೆಟ್ ಒಳಗೆ ವೈರು, ಪೈಪು ಕಡಿದಿದೆಯಾ ನೋಡಿ. ಆಯಿಲ್, ಬ್ರೇಕ್ ಆಯಿಲ್ ಮಟ್ಟ ನೋಡಿ, ಟೈರಿನ ಗಾಳಿ ಮಾಮೂಲಿಗೆ ಇಳಿಸಿ. ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಫ್ಯಾನ್ ಬೆಲ್ಟು ಹಿಡಿದು ಕೈಯಿಂದ ಎಂಜಿನ್ ತಿರುಗಿಸಿ. ಬ್ಯಾಟರಿ ಕೊಡುವುದು ಅದಾದ ಮೇಲೆ. ಮೊದಲ ಸುತ್ತು ಅಂಗಳದಿಂದ ಗೇಟಿನ ತನಕ, ಬ್ರೇಕ್ ನಾಲ್ಕೂ ಚಕ್ರಕ್ಕೆ ಹಿಡಿಯುತ್ತದೆ ಅಂತ ಖಾತ್ರಿ ಆಗುವವರೆಗೆ ರಸ್ತೆಗೆ ಇಳಿಸಬೇಡಿ.